ಗಂಡಸುತನ ಯಾವುದರಲ್ಲಿದೆ?



ಹುಲಿಯೂರುದುರ್ಗದ ಸುತ್ತಲ ಹಳ್ಳಿಗಳಿಂದ ನಮ್ಮ ಹುಡುಗರು ದುಡಿಮೆಗೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬಟ್ಟೆಬರೆ, ಬುತ್ತಿ ಕಟ್ಟಿ ಕಳುಹಿಸುವವರು ನಾವು. ಆದರೆ ಗಂಡಸಾಗಿ ಬಾಳುವುದು ಹೇಗೆಂದು ಅವರಿಗೆ ಕಲಿಸುವವರು ಯಾರು? ಎಷ್ಟೋ ಮಂದಿಗೆ ಆ ಪಾಠ ಸಿಗುವುದು ರೌಡಿಗಳ ಕಥೆಯ ಚಲನಚಿತ್ರಗಳಿಂದ.

1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ತೆರೆಗೆ ಬಂತು. ಅರ್ಚಕರ ಮಗ ಸತ್ಯ ಅದರಲ್ಲಿ ಲಾಂಗು ಹಿಡಿಯುತ್ತಾನೆ. 2005ರಲ್ಲಿ ಪ್ರೇಮ್ ನಿರ್ದೇಶನದ ‘ಜೋಗಿ’ ಬಂತು. ಹಳ್ಳಿಯ ಮಾದೇಶ ಬೆಂಗಳೂರು ಸೇರಿ ರೌಡಿಯಾಗುತ್ತಾನೆ. ಹೆತ್ತತಾಯಿ ಅವನನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಾಳೆ. ಎರಡರಲ್ಲೂ ನಾಯಕ ಶಿವರಾಜ್‌ಕುಮಾರ್.

ಇಂತಹ ಚಿತ್ರಗಳು ಹುಡುಗನ ಮುಂದೆ ಎರಡು ಆದರ್ಶಗಳನ್ನಿಡುತ್ತವೆ. ಒಂದು, ಯಾರಿಗೂ ಬಗ್ಗದೆ ಹೊಡೆದು ಗೆಲ್ಲುವ ಗಂಡಸು. ಇನ್ನೊಂದು, ತಾಯಿಗೆ ತಕ್ಕ ಮಗ. ಎರಡನ್ನೂ ಒಬ್ಬನೇ ಸಾಧಿಸಬಹುದೇ? ‘ಜೋಗಿ’ಯ ಕೊನೆಯೇ ಇದಕ್ಕೆ ಉತ್ತರ. ಯಾರ ಶವವೆಂದು ತಿಳಿಯದೆ ಮಾದೇಶ ತಾಯಿಯ ಶವಯಾತ್ರೆಯಲ್ಲೇ ಕುಣಿಯುತ್ತಾನೆ. ಲಾಂಗು ಅವನಿಗೆ ಹೆಸರು ಕೊಟ್ಟಿತು, ತಾಯಿಯನ್ನು ಕೊಡಲಿಲ್ಲ. ಲಾಂಗಿಗೆ ಸಿಳ್ಳೆ ಹೊಡೆದ ಹುಡುಗನೇ ಆ ದೃಶ್ಯಕ್ಕೆ ಕಣ್ಣೊರೆಸಿಕೊಳ್ಳುತ್ತಾನೆ. ಮನೆಗೆ ಬಂದ ಮೇಲೆ ಮಾತ್ರ ನೆನಪಿನಲ್ಲಿ ಉಳಿಯುವುದು ಸಿಳ್ಳೆ. ಕಣ್ಣೀರಿನ ಬಗ್ಗೆ ಅವನೊಡನೆ ಯಾರೂ ಮಾತಾಡುವುದಿಲ್ಲ.

ಈಗ ಸಂತ ಜೋಸೆಫರನ್ನು ನೆನೆಯೋಣ. ಮರಿಯ ಗರ್ಭವತಿಯೆಂದು ತಿಳಿದಾಗ ತಮ್ಮ ಮಾನವೇ ಹೋಯಿತೆಂದು ಅವರು ಸಿಡಿದೇಳಬಹುದಿತ್ತು. ಆಕೆಯನ್ನು ಬೀದಿಗೆಳೆಯಲು ಧರ್ಮಶಾಸ್ತ್ರದ ಆಸರೆಯೂ ಇತ್ತು. ಆದರೆ ಆಕೆಯನ್ನು ಅವಮಾನಕ್ಕೆ ಗುರಿಮಾಡಲು ಅವರು ಒಪ್ಪಲಿಲ್ಲ. ಶುಭಸಂದೇಶ ಅವರನ್ನು ನೀತಿವಂತರೆಂದು ಕರೆಯುವುದು ಇಲ್ಲಿಯೇ. ಬಳಿಕ ಹೆರೋದನ ಕತ್ತಿಗೆ ಕತ್ತಿ ಎತ್ತದೆ, ರಾತ್ರೋರಾತ್ರಿ ತಾಯಿ-ಮಗುವನ್ನು ಈಜಿಪ್ಟಿಗೆ ಕರೆದೊಯ್ದು ಕಾಪಾಡಿದರು. ಓಡಿಹೋದವನೆಂದು ಯಾರು ಆಡಿಕೊಂಡರೂ ಮಗು ಉಳಿಯಿತು.

ನಮ್ಮೂರ ಬೆಟ್ಟದ ಹಳೆಯ ಕೋಟೆಯನ್ನು ನೋಡಿ. ಕೋಟೆ ಯಾರ ಮೇಲೂ ಏರಿಹೋಗುವುದಿಲ್ಲ, ಒಳಗಿರುವವರನ್ನು ಕಾಯುತ್ತದೆ. ಗಂಡಸಿನ ಬಲ ಇರುವುದೂ ಅದಕ್ಕಾಗಿಯೇ.

ತಂದೆಯರೇ, ಸಿನಿಮಾ ನೋಡಬೇಡವೆಂದು ಗದರಿಸಿದರೆ ಸಾಲದು. ಮಗನ ಪಕ್ಕದಲ್ಲಿ ಕುಳಿತು ನೋಡಿ. ಮುಗಿದ ಮೇಲೆ ಕೇಳಿ: “ನಿನಗೆ ಅಳು ಬಂದದ್ದು ಯಾವಾಗ, ಮಗನೇ?” ನಿಮಗೂ ಅಳು ಬಂದಿದ್ದರೆ ಮುಚ್ಚಿಡಬೇಡಿ. ಗೆಳೆಯ ಲಾಜರನ ಸಮಾಧಿಯ ಬಳಿ ನಮ್ಮ ಪ್ರಭುವೂ ಅತ್ತರು.

ಈ ವಾರದ ಚಿಂತನೆಗೆ: ಅವಮಾನವಾದಾಗ ನಾನು ಹೇಗೆ ನಡೆದುಕೊಳ್ಳುತ್ತೇನೆ? ಅದನ್ನು ನನ್ನ ಮಗ ನೋಡುತ್ತಿದ್ದಾನೆಯೇ?