ಹೋಗಿ ಬರ್ತೀನಿ ಅಂದರೆ ತಪ್ಪಾ?

ಪ್ರಶ್ನೆ: ನನಗೆ 57 ವರ್ಷ. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಮಾವನವರು ಕಟ್ಟಿಸಿದ ಮನೆಯಲ್ಲಿದ್ದೇವೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿದ್ದಾರೆ. ಅತ್ತೆಯವರಿಗೆ 84. ಆರು ವರ್ಷದಿಂದ ಮರೆವಿನ ಕಾಯಿಲೆ, ಡಾಕ್ಟರು ಡಿಮೆನ್ಷಿಯಾ ಅಂದಿದ್ದಾರೆ. ಸ್ನಾನ, ಊಟ, ಮಾತ್ರೆ ಎಲ್ಲವೂ ನನ್ನ ಕೈಯಲ್ಲೇ ಆಗಬೇಕು. ಸಂಜೆ ಐದಾದರೆ ಅವರು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ‘ಮನೆಗೆ ಹೋಗ್ಬೇಕು’ ಅನ್ನುತ್ತಾರೆ. ಇದೇ ನಿಮ್ಮ ಮನೆ ಎಂದರೆ ನಂಬುವುದಿಲ್ಲ. ಕೈ ಹಿಡಿದು ಬೀದಿಯಲ್ಲಿ ಒಂದು ಸುತ್ತು ಹಾಕಿಸಿ, ಗೇಟಿನ ಹತ್ತಿರ ಬಂದಾಗ ‘ಮನೆ ಬಂತು ಅತ್ತೆ’ ಅಂದರೆ ಸಮಾಧಾನವಾಗಿ ಒಳಗೆ ಬರುತ್ತಾರೆ.

ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಕಳೆದ ತಿಂಗಳು ಅರೂಬಾ ಎಂಬ ದ್ವೀಪಕ್ಕೆ ನಾಲ್ಕು ದಿನ ಹೋಗಿ ಫೋಟೊ ಕಳಿಸಿದ್ದಳು. ಬಿಳಿ ಮರಳು, ನೀಲಿ ನೀರು. ನೋಡುತ್ತಾ ನೋಡುತ್ತಾ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಾಗಲಿಲ್ಲ. ನಾನು ಸಮುದ್ರ ನೋಡಿದ್ದು ಒಂದೇ ಸಲ. ಮದುವೆಯಾದ ಹೊಸದರಲ್ಲಿ ಉಡುಪಿಗೆ ಹೋದಾಗ, ಮಲ್ಪೆಯಲ್ಲಿ ಹತ್ತು ನಿಮಿಷ. ‘ಮುಂದಿನ ಸಲ ನೀನು ಬಂದಾಗ ಕರ್ಕೊಂಡು ಹೋಗ್ತೀನಮ್ಮ’ ಅಂತ ಮಗಳು. ‘ಈ ವಯಸ್ಸಲ್ಲಿ ಬೀಚಾ?’ ಅಂತ ಯಜಮಾನರು ನಕ್ಕರು. ಆಮೇಲೆ ಅದೇ ಧ್ಯಾನ. ಅತ್ತೆಗೆ ಸ್ನಾನ ಮಾಡಿಸುವಾಗಲೂ ಅದೇ. ಒಂದೊಂದು ಸಲ ‘ಇವರಿಲ್ಲದಿದ್ದರೆ ಹೋಗಬಹುದಿತ್ತಲ್ಲ’ ಅಂತಲೂ ಅನ್ನಿಸಿಬಿಡುತ್ತದೆ. ಆಗ ನನಗೇ ನನ್ನನ್ನು ಕಂಡರೆ ಭಯ. ನಾನು ಕೆಟ್ಟವಳಾ?

– ಹೆಸರು ಬೇಡ, ತ್ಯಾಗರಾಜನಗರ

ಉತ್ತರ: ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ. ‘ಇವರಿಲ್ಲದಿದ್ದರೆ’ ಎಂಬ ಆ ಸಾಲನ್ನು ನೀವು ಬರೆದು, ಹೊಡೆದುಹಾಕಿ, ಮತ್ತೆ ಅದರ ಪಕ್ಕದಲ್ಲೇ ಬರೆದಿದ್ದೀರಿ. ಹೊಡೆದುಹಾಕಿದ್ದಕ್ಕೆ ಎಷ್ಟು ಕಷ್ಟಪಟ್ಟಿರೋ, ಮತ್ತೆ ಬರೆಯುವುದಕ್ಕೆ ಅದಕ್ಕಿಂತ ಹೆಚ್ಚು ಧೈರ್ಯ ಬೇಕಾಗಿತ್ತು. ಇಲ್ಲ, ನೀವು ಕೆಟ್ಟವರಲ್ಲ. ವರ್ಷಗಟ್ಟಲೆ ಒಬ್ಬರನ್ನು ನೋಡಿಕೊಳ್ಳುವವರ ಮನಸ್ಸಿನಲ್ಲಿ ಈ ಮಾತು ಬಂದು ಹೋಗುತ್ತದೆ. ನನ್ನ ಮುಂದೆ ಕುಳಿತು ಇದನ್ನೇ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡವರು ಅನೇಕರು. ಹೀಗೆ ಹೇಳಿದವರಲ್ಲಿ ಗಂಡಸರೂ ಇದ್ದರು, ಅವರು ಮುಖ ಆಚೆ ತಿರುಗಿಸಿಕೊಂಡರು. ಇದನ್ನು ಓದುತ್ತಿರುವವರಲ್ಲೂ ಕೆಲವರಿಗೆ ಈಗ ಎದೆ ಧಸಕ್ಕೆಂದಿರಬಹುದು. ಆ ಯೋಚನೆ ಬಂದ ಮರುಗಳಿಗೆಯಲ್ಲೂ ನಿಮ್ಮ ಕೈ ಅತ್ತೆಯವರ ತಲೆಗೆ ಬಿಸಿನೀರು ಹದ ನೋಡಿಯೇ ಹಾಕಿದೆ. ಬೇಸತ್ತ ಮನಸ್ಸು ಏನಾದರೂ ಗೊಣಗಿಕೊಳ್ಳಲಿ, ನಿಮ್ಮನ್ನು ಅಳೆಯಬೇಕಾದದ್ದು ಆ ಕೈಯಿಂದ.

ಇನ್ನು ಆ ಅಳು. ಮಗಳ ಫೋಟೊ ನೋಡಿ ಹೊಟ್ಟೆಕಿಚ್ಚಿನಿಂದ ಅತ್ತೆನಾ ಎಂಬ ಅನುಮಾನವೂ ನಿಮಗಿದೆ ಅನ್ನಿಸಿತು. ನನಗೆ ಕಂಡದ್ದು ಬೇರೆ. ಆ ಚಿತ್ರದಲ್ಲಿ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಆರು ವರ್ಷದಿಂದ ನಿಮ್ಮ ಕಿವಿ ಒಳಕೋಣೆಯ ಮಂಚದ ಸದ್ದಿಗೇ ನೆಟ್ಟಿದೆ. ನಿದ್ದೆಯಲ್ಲೂ ಅರ್ಧ ಎಚ್ಚರ. ನಿಮಗೆ ಬೇಕಾಗಿರುವುದು ಮೂರು ದಿನ ‘ಅಮ್ಮಾ’, ‘ಲೇ’, ‘ಎಲ್ಲಿದೀಯ’ ಎಂಬ ಕೂಗಿಲ್ಲದ ಜಾಗ. ಅದಕ್ಕೆ ಅರೂಬಾ ಎಂಬ ಹೆಸರು ಸಿಕ್ಕಿದೆ, ಅಷ್ಟೆ. ಹೀಗೆ ನೋಡಿದರೆ ಸಮಸ್ಯೆ ಅಟ್ಲಾಂಟಿಕ್‌ನ ಆಚೆಯಿಂದ ನಮ್ಮ ಕೈಗೆಟಕುವ ದೂರಕ್ಕೆ ಬರುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಉಪಾಯವೂ ಇದೆ. ಅತ್ತೆಯವರು ಚಪ್ಪಲಿ ಹುಡುಕಿದಾಗ ನೀವು ವಾದಿಸುವುದಿಲ್ಲ. ಒಂದು ಸುತ್ತು ಕರೆದುಕೊಂಡು ಹೋಗಿ ಕರೆತರುತ್ತೀರಿ. ಹೋಗಬೇಕು ಎಂಬ ಆಸೆಗೆ ಹೋಗಿ ಬರುವುದೇ ಔಷಧ ಎಂದು ನೀವೇ ಕಂಡುಕೊಂಡಿದ್ದೀರಿ. ಆದರೆ ನಿಮ್ಮ ಆಸೆ ಚಪ್ಪಲಿ ಹುಡುಕಿದಾಗ ಮಾತ್ರ ಬಾಗಿಲಿಗೆ ಅಗುಳಿ ಹಾಕಿ ನಿಂತಿದ್ದೀರಿ. ಅದನ್ನೂ ಒಂದು ಸುತ್ತು ಕರೆದುಕೊಂಡು ಹೋಗಿ ಬನ್ನಿ ಎನ್ನುವುದೇ ನನ್ನ ಸಲಹೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಒಂದು ನೋಟ್‌ಬುಕ್. ಬೆಳಗಿನ ಮಾತ್ರೆ ಯಾವುದು, ತಿಂಡಿಗೆ ಮೊದಲೋ ಆಮೇಲೋ, ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಹಾಡು ಹಾಕಿದರೆ ಸ್ನಾನಕ್ಕೆ ಏಳುತ್ತಾರೆ, ಸಂಜೆಯ ಸುತ್ತು ಯಾವ ತಿರುವಿನವರೆಗೆ, ಎಲ್ಲವನ್ನೂ ಬರೆಯಿರಿ. ಇಲ್ಲಿ ಒಂದು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ‘ನನ್ನ ಕೈಯಲ್ಲೇ ಆಗಬೇಕು’ ಎಂದು ಬರೆದಿದ್ದೀರಲ್ಲ, ಅದರಲ್ಲಿ ಆಯಾಸದ ಜೊತೆ ಒಂದು ಚೂರು ಹೆಮ್ಮೆಯೂ ಇದೆ. ಇರಲಿ, ತಪ್ಪಲ್ಲ. ಆದರೆ ನಾಳೆ ನಿಮಗೇ ಮೂರು ದಿನ ಜ್ವರ ಬಂದರೆ ಮಾತ್ರೆಯ ಡಬ್ಬ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದೆ ಹೋದರೆ, ಕಷ್ಟವಾಗುವುದು ಅತ್ತೆಯವರಿಗೇ. ಆ ನೋಟ್‌ಬುಕ್ ನಿಮ್ಮ ಪ್ರವಾಸಕ್ಕಿಂತ ಮೊದಲು ಅವರ ರಕ್ಷಣೆಗೆ ಬೇಕು.

ಎರಡನೆಯದು, ಯಜಮಾನರ ಜೊತೆ ಮಾತು. ‘ಬೀಚಾ?’ ಎಂದು ನಕ್ಕವರ ಮೇಲೆ ನಿಮಗೆ ಸಿಟ್ಟು ಬಂದಿರುವುದು ಸಹಜ. ಆದರೆ ಆ ನಗುವಿನ ಹಿಂದೆ ಹೆದರಿಕೆ ಇರಬಹುದು ಎಂದು ನನ್ನ ಊಹೆ. ಹೆತ್ತ ತಾಯಿ ತನ್ನನ್ನೇ ‘ಯಾರಪ್ಪಾ ನೀನು?’ ಎಂದು ಕೇಳುವಾಗ ಒಬ್ಬನೇ ಅವರೆದುರು ನಿಲ್ಲುವುದು ಮಗನಿಗೆ ಸುಲಭವಲ್ಲ. ಆದ್ದರಿಂದ ‘ನಾನು ಹೋಗಬಹುದಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಹೌದು, ಇಲ್ಲ ಎರಡೇ ಉತ್ತರ. ‘ಜನವರಿಯಲ್ಲಿ ಮೂರು ದಿನ ಹೋಗಿ ಬರಬೇಕು ಅಂತಿದೀನಿ, ಆ ಮೂರು ದಿನ ಅಮ್ಮನ್ನ ಹೇಗೆ ನೋಡ್ಕೊಳ್ಳೋಣ?’ ಎನ್ನಿ. ಆಗ ಅವರು ತೀರ್ಪು ಕೊಡುವ ಕುರ್ಚಿಯಿಂದ ಇಳಿದು ನಿಮ್ಮ ಪಕ್ಕದಲ್ಲಿ ಕೂರಬೇಕಾಗುತ್ತದೆ. ನೋಟ್‌ಬುಕ್ ಹಿಡಿದು ಒಂದು ವಾರ ಸಂಜೆಯ ಸುತ್ತನ್ನು ಅವರಿಗೇ ಬಿಟ್ಟುಕೊಡಿ. ನೀವು ಬಾಲ್ಕನಿಯಿಂದ ಇಣುಕದೆ ಇರುವುದು ನಿಮ್ಮ ಪಾಲಿನ ಮನೆಪಾಠ.

ಮೂರನೆಯದು, ಹೊರಗಿನ ಕೈ. ನಾದಿನಿಯೋ ಓರಗಿತ್ತಿಯೋ ಇದ್ದರೆ ಎರಡು ರಾತ್ರಿ ಬಂದಿರಲು ಈಗಲೇ ಹೇಳಿ. ‘ಯಾವಾಗಲಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ, ತಾರೀಖು ಹೇಳಿದರೆ ಬರುತ್ತಾರೆ. ಅತ್ತೆಯವರನ್ನು ಇನ್ನೊಬ್ಬರ ಮನೆಗೆ ಕಳಿಸುವುದಕ್ಕಿಂತ ಅವರದೇ ಕೋಣೆ, ಅವರದೇ ಮಂಚದಲ್ಲಿ ಬಿಡುವುದು ಒಳ್ಳೆಯದು. ಮರೆವಿನ ಕಾಯಿಲೆಯವರಿಗೆ ಹೊಸ ಜಾಗ ಗಾಬರಿ ತರುತ್ತದೆ. ಹೋಮ್ ನರ್ಸ್ ಗೊತ್ತುಮಾಡುವುದಾದರೆ ನೀವು ಹೊರಡುವ ಒಂದು ವಾರ ಮೊದಲೇ ಬರಲಿ, ಮುಖ ಪರಿಚಯವಾಗಲಿ. ಅತ್ತೆಯವರ ಹೆಸರು, ವಿಳಾಸ, ಮನೆಯ ಫೋನ್ ನಂಬರ್ ಬರೆದ ಚೀಟಿ ಸದಾ ಅವರ ಬಳಿ ಇರಲಿ. ‘ಅವಳೆಲ್ಲಿ?’ ಎಂದು ಅವರು ಕೇಳಿದರೆ ‘ಬರ್ತಾಳೆ’ ಎಂದರೆ ಸಾಕು, ಉದ್ದದ ವಿವರಣೆ ಬೇಡ. ಹಿರಿಯರ ಆರೈಕೆಯ ಬಗ್ಗೆ ಮಾಹಿತಿ ಬೇಕಾದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಕ್ಲಿನಿಕ್ ಇದೆ. ಅತ್ತೆಯವರನ್ನು ನೋಡುವ ವೈದ್ಯರಿಗೂ ನೀವಿಲ್ಲದ ಮೂರು ದಿನದ ವಿಷಯ ಮೊದಲೇ ತಿಳಿಸಿಡಿ.

ನಾಲ್ಕನೆಯದು, ಸಣ್ಣದರಿಂದ ಶುರು ಮಾಡಿ. ಮೊದಲು ಒಂದು ಮಧ್ಯಾಹ್ನ. ಗಾಂಧಿಬಜಾರಿಗೆ ಹೋಗಿ, ತರಕಾರಿ ಚೀಲ ಒಯ್ಯಬೇಡಿ. ಸುಮ್ಮನೆ ಕಾಫಿ ಕುಡಿದು, ಕೃಷ್ಣರಾವ್ ಪಾರ್ಕಿನ ಬೆಂಚಿನಲ್ಲಿ ಒಂದು ಗಂಟೆ ಕೂತು ಬನ್ನಿ. ಆಮೇಲೆ ಗೆಳತಿಯ ಮನೆಯಲ್ಲಿ ಒಂದು ರಾತ್ರಿ. ಅದಾದ ಮೇಲೆ ಸಮುದ್ರ.

ಸಮುದ್ರ ಎಂದರೆ, ನೀವು ಹತ್ತು ನಿಮಿಷ ನೋಡಿ ಬಂದ ಅದೇ ಮಲ್ಪೆ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಇಲ್ಲಿ ಸಂಜೆ ಹತ್ತಿದರೆ ಬೆಳಗಿನ ಜಾವ ಉಡುಪಿ. ರಾತ್ರಿ ಬಸ್ಸುಗಳಂತೂ ಬೇಕಾದಷ್ಟಿವೆ. ದ್ವೀಪವೇ ಬೇಕೆಂದರೆ ಅಲ್ಲೂ ಒಂದಿದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ತೆಂಗಿನ ಮರಗಳು, ಮರಳಿಗಿಂತ ಹೆಚ್ಚು ಚಿಪ್ಪು ತುಂಬಿದ ದಂಡೆ, ಯಾರೋ ಕಡೆದು ಜೋಡಿಸಿಟ್ಟಂತೆ ನಿಂತ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದ ಕಂಬಗಳವು. ಕೂಡಿದ್ದ ನೆಲವೇ ಒಂದು ಕಾಲಕ್ಕೆ ದೂರ ಸರಿದಿದೆ, ನೀವು ಮೂರು ದಿನ ಸರಿಯುವುದಕ್ಕೆ ಅಷ್ಟೊಂದು ಅಪರಾಧ ಭಾವ ಬೇಡ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ, ವಾಸ್ತವ್ಯ ಮಲ್ಪೆ ಅಥವಾ ಉಡುಪಿಯಲ್ಲಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿ ಹಿತ. ಕಲ್ಲು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿ. ಜನಸಂದಣಿ ಬೇಡವೆಂದರೆ ಸ್ವಚ್ಛತೆ, ಸುರಕ್ಷತೆಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿಯ ಕಡಲತೀರವೂ ಅಲ್ಲಿಂದ ದೂರವಿಲ್ಲ. ಒಬ್ಬರೇ ಹೋಗಲು ಅಳುಕಾದರೆ ತಂಗಿಯನ್ನೋ ಹಳೆಯ ಗೆಳತಿಯನ್ನೋ ಕರೆದುಕೊಳ್ಳಿ. ಮನೆಗೆ ದಿನಕ್ಕೆ ಎರಡೇ ಫೋನ್, ಬೆಳಿಗ್ಗೆ ಒಂದು, ರಾತ್ರಿ ಒಂದು.

ಹಾಗಾದರೆ ಅರೂಬಾ? ಅದನ್ನೂ ಕೈಬಿಡಬೇಡಿ. ಮಗಳ ಮಾತಿಗೆ ‘ನೋಡೋಣ’ ಎನ್ನುವ ಬದಲು ‘ಮುಂದಿನ ವರ್ಷ’ ಎನ್ನಿ. ಬೆಂಗಳೂರಿನ ಕಾಲು ಭಾಗದಷ್ಟಿರುವ, ಸುಮಾರು 32 ಕಿ.ಮೀ. ಉದ್ದದ ಪುಟ್ಟ ದ್ವೀಪ ಅದು. ನೆದರ್‌ಲೆಂಡ್ಸ್‌ಗೆ ಸೇರಿದ್ದು. ಚಂಡಮಾರುತಗಳು ಸಾಮಾನ್ಯವಾಗಿ ಹಾಯುವ ದಾರಿಯಿಂದ ಕೆಳಗಿದೆ. ಸದಾ ಒಂದೇ ಕಡೆಯಿಂದ ಬೀಸುವ ಗಾಳಿಗೆ ಅಲ್ಲಿನ ದಿವಿ-ದಿವಿ ಮರಗಳು ಒಂದೇ ಪಕ್ಕಕ್ಕೆ ಬಾಗಿ ಬೆಳೆಯುತ್ತವೆ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಬೇರೆ ವೀಸಾ ಬೇಕಾಗುವುದಿಲ್ಲವಾದರೂ, ಹೊರಡುವ ಮುನ್ನ ನಿಯಮವನ್ನು ಮಗಳು ಮತ್ತೊಮ್ಮೆ ನೋಡಲಿ. ನ್ಯೂಜೆರ್ಸಿಗೆ ಮರಳುವಾಗ ಅಮೆರಿಕದ ಇಮಿಗ್ರೇಷನ್ ಸಾಲಿನಲ್ಲಿ ಮತ್ತೆ ನಿಲ್ಲಬೇಕು. ನಿಮ್ಮ ಮಾತ್ರೆ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ, ಪ್ರಯಾಣ ವಿಮೆ ಆ ದ್ವೀಪಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಿ. ಮಲ್ಪೆಯ ಮೂರು ದಿನ ಮನೆ ನಡೆದರೆ, ಅಮೆರಿಕದ ಮೂರು ವಾರದ ಮಾತು ಮನೆಯಲ್ಲಿ ಸಲೀಸಾಗಿ ಏಳುತ್ತದೆ.

ಒಂದು ಎಚ್ಚರಿಕೆ. ಅಳು ಆ ಒಂದು ದಿನದ್ದಾಗಿರದೆ ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ದಿನಾ ಬರುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅತ್ತೆಯವರ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಅಥವಾ ಬದುಕೇ ಬೇಡ ಎನ್ನಿಸಿದರೆ, ಪ್ರವಾಸದವರೆಗೆ ಕಾಯಬೇಡಿ. ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ತಪ್ಪಿತಸ್ಥ ಭಾವ ಪೂರ್ತಿ ಹೋದ ಮೇಲೆ ಹೊರಡುತ್ತೇನೆ ಎಂದುಕೊಂಡರೆ ನೀವು ಹೊರಡುವುದೇ ಇಲ್ಲ. ಅದೂ ನಿಮ್ಮ ಜೊತೆ ರೈಲು ಹತ್ತುತ್ತದೆ. ಹತ್ತಲಿ, ಪಕ್ಕದ ಸೀಟಿನಲ್ಲಿ ಕೂತಿರಲಿ. ಹೊರಡುವ ಸಂಜೆ ಅತ್ತೆಯವರ ಕೋಣೆಗೆ ಹೋಗಿ, ಅರ್ಥವಾದರೂ ಆಗದಿದ್ದರೂ, ಹೇಳಿ. ನಮ್ಮ ಮನೆಗಳಲ್ಲಿ ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಕೈ ಹಿಡಿದು ‘ಹೋಗಿ ಬರ್ತೀನಿ ಅತ್ತೆ’ ಎನ್ನಿ. ಅವರು ಅಷ್ಟು ಹೊತ್ತಿಗೆ ಚಪ್ಪಲಿ ಹುಡುಕುತ್ತಿರಬಹುದು. ಆ ದಿನದ ಸುತ್ತು ಮಗನ ಜೊತೆ ಆಗಲಿ.