ಕಿತ್ತಳೆಯ ಸಿಪ್ಪೆಯಲ್ಲಿನ ಬಣ್ಣವೂ ಅದನ್ನು ತೆಗೆಯುವ ನಿರಪಾಯ ಕ್ರಮಗಳೂ

ನಿಂಬೆಯ ಕುಲಕ್ಕೆ ಸೇರಿದ ಹಣ್ಣುಗಳು ಕನ್ನಡ ನಾಡಿಗೆ ಹೊಸವಲ್ಲ. ನಿಂಬೆ, ಕಿತ್ತಳೆ, ಮಾದಲ, ಹೇರಳೆ, ಚಕ್ಕೋತ ಎಂಬ ಹೆಸರುಗಳೇ ಅವುಗಳ ಬಳಕೆಯ ಹಳಮೆಯನ್ನು ಸಾರುತ್ತವೆ. ಕಿತ್ತಳೆಗೆ ಸಂಸ್ಕೃತದಲ್ಲಿ ನಾರಂಗವೆಂದು ಹೆಸರು. ಈ ಶಬ್ದವು ಪಾರಸಿ, ಅರಬ್ಬಿ ಭಾಷೆಗಳನ್ನು ಹಾಯ್ದು ಸ್ಪೇನಿಗೆ ಹೋಗಿ 'ನಾರಂಹ'ವಾಯಿತು. ಮುಂದೆ ಆದಿಯ ನಕಾರವನ್ನು ಕಳೆದುಕೊಂಡು ಇಂಗ್ಲಿಷಿನಲ್ಲಿ 'ಆರೆಂಜ್' ಎನಿಸಿತು. ಬೀದರ ನಗರದ ಮಾರುಕಟ್ಟೆಯಲ್ಲಿಯೂ ಭಾಲ್ಕಿ, ಔರಾದಗಳ ಸಂತೆಗಳಲ್ಲಿಯೂ ಜನರು ಇದನ್ನು 'ಸಂತ್ರ' ಎನ್ನುತ್ತಾರೆ. ಅದರ ಮಗ್ಗುಲಲ್ಲಿರುವ ಮೋಸಂಬಿಗೆ ಆಫ್ರಿಕದ ಮೊಜಾಂಬಿಕ್ ದೇಶದಿಂದ ಆ ಹೆಸರು ಬಂದಿತೆಂದು ಹೇಳುವುದುಂಟು.

ಹಣ್ಣಿನ ರಸವನ್ನು ಹಿಂಡಿದ ಮೇಲೆ ಅದರ ತೂಕದ ಸುಮಾರು ಅರ್ಧಭಾಗವು ಸಿಪ್ಪೆ, ನಾರು, ಬೀಜಗಳಾಗಿ ಉಳಿಯುತ್ತದೆ. ಬೇಸಗೆಯಲ್ಲಿ ರಸದ ಅಂಗಡಿಗಳ ಮುಂದೆ ಬೀಳುವ ರಾಶಿ ಇದೇ. ಜನರು ಕಸವೆಂದು ಭಾವಿಸುವ ಈ ವಸ್ತುವಿನಲ್ಲಿ ಆಹಾರಕ್ಕೆ ಯೋಗ್ಯವಾದ ಬಣ್ಣವಿದೆ. ಅದನ್ನು ನೆಲಜಲಗಳಿಗೆ ಕೇಡಾಗದಂತೆ ಪಡೆಯುವ ಬಗೆ ಹೇಗೆಂಬುದೇ ಇಲ್ಲಿಯ ವಿಚಾರ.

ಬಣ್ಣದ ಸ್ವರೂಪ

ಸಿಪ್ಪೆಯಲ್ಲಿ ಎರಡು ಪದರಗಳಿವೆ. ಒಳಗಿನದು ಬಿಳಿಯ ಮೆತ್ತನೆಯ ಭಾಗ. ಹೊರಗಿನ ತೆಳು ಪದರದಲ್ಲಿ ಬಣ್ಣವೂ ಸುಗಂಧತೈಲದ ಸಣ್ಣ ಚೀಲಗಳೂ ಇರುತ್ತವೆ. ಕಾಯಿಯಾಗಿದ್ದಾಗ ಪತ್ರಹರಿತ್ತು ಅದನ್ನು ಹಸುರಾಗಿರಿಸುತ್ತದೆ. ಹಣ್ಣಾದಂತೆ ಹಸುರು ಕ್ಷೀಣಿಸಿ ಕೆರೊಟಿನಾಯ್ಡ್‌ಗಳೆಂಬ ಹಳದಿ, ಕೇಸರಿ ಬಣ್ಣಗಳು ಪ್ರಕಟವಾಗುತ್ತವೆ. ಇದಕ್ಕೆ ತಂಪಾದ ರಾತ್ರಿಗಳು ಸಹಾಯಕ. ಆದುದರಿಂದಲೇ ಉಷ್ಣಪ್ರದೇಶಗಳಲ್ಲಿ ಒಳಗೆ ಮಾಗಿದ ಹಣ್ಣು ಹೊರಗೆ ಹಸುರಾಗಿಯೇ ಇರುವುದುಂಟು.

ಗಜ್ಜರಿಯಲ್ಲಿರುವ ಬೀಟಾ ಕೆರೊಟಿನ್ ಇದೇ ವರ್ಗದ್ದು. ಅದರ ಒಂದು ಅಣುವಿನಲ್ಲಿ ೪೦ ಇಂಗಾಲದ ಪರಮಾಣುಗಳಿವೆ. ಈ ವರ್ಗದ ಬಣ್ಣಗಳು ನೀರಿನಲ್ಲಿ ಕರಗುವುದಿಲ್ಲ; ಎಣ್ಣೆಯಲ್ಲಿ ಕರಗುತ್ತವೆ. ಬೆಳಕು, ಗಾಳಿ, ಹೆಚ್ಚಿನ ಕಾವು ಈ ಮೂರೂ ಇವುಗಳಿಗೆ ಶತ್ರುಗಳು. ಸಿಪ್ಪೆಯಲ್ಲಿ ಫ್ಲೇವನಾಯ್ಡ್‌ಗಳೆಂಬ ಬೇರೊಂದು ವರ್ಗವೂ ಇದೆ. ಅವುಗಳ ಬಣ್ಣ ಮಂದವಾದದ್ದು. ಬಿಸಿನೀರಿಗೂ ಮದ್ಯಸಾರಕ್ಕೂ ಅವು ಇಳಿದುಬರುತ್ತವೆ.

ದ್ರಾವಕದ ಪ್ರಶ್ನೆ

ಎಣ್ಣೆಯಲ್ಲಿ ಕರಗುವ ಬಣ್ಣವನ್ನು ತೆಗೆಯಲು ಕಾರ್ಖಾನೆಗಳು ಹೆಕ್ಸೇನ್ ಎಂಬ ದ್ರವವನ್ನು ಬಹುಕಾಲದಿಂದ ಬಳಸಿವೆ. ಇದು ಪೆಟ್ರೋಲಿಯಂನಿಂದ ಹುಟ್ಟಿದ್ದು. ಸುಮಾರು ೬೯ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿದು ಆವಿಯಾಗುವುದರಿಂದ ಬಣ್ಣದಿಂದ ಬೇರ್ಪಡಿಸುವುದು ಸುಲಭ. ಆದರೆ ಇದು ಕ್ಷಣದಲ್ಲಿ ಬೆಂಕಿ ಹಿಡಿಯುತ್ತದೆ. ಆವಿಯನ್ನು ಬಹುದಿನ ಉಸಿರಾಡಿದ ಕೆಲಸಗಾರರ ನರಗಳು ಕೆಟ್ಟು ಕೈಕಾಲುಗಳು ಜೋಮು ಹಿಡಿಯುತ್ತವೆ. ಹಣ್ಣಿನಿಂದ ಬಂದ ಬಣ್ಣವೆಂಬ ಮಾತ್ರಕ್ಕೆ ಅದನ್ನು ನಿರಪಾಯವೆನ್ನಲಾಗದು. ಅದನ್ನು ತೆಗೆದ ಕ್ರಮವನ್ನೂ ವಿಚಾರಿಸಬೇಕು.

ಬೀದರಿನಂತಹ ಸ್ಥಳದಲ್ಲಿ ಈ ವಿಚಾರಕ್ಕೆ ಹೆಚ್ಚಿನ ತೂಕವಿದೆ. ನಗರವು ನಿಂತಿರುವುದು ಸಚ್ಛಿದ್ರವಾದ ಕೆಂಪು ಜಂಬಿಟ್ಟಿಗೆಯ ಮೇಲೆ. ಮಳೆಯ ನೀರು ಅದರಲ್ಲಿ ಇಂಗಿ ಕೆಳಗಿನ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ನೌಬಾದಿನಲ್ಲಿ ತೋಡಿದ ಸುರಂಗ ಬಾವಿಯು ಈ ನೀರನ್ನೇ ಸಾಗಿಸುತ್ತಿತ್ತು. ಮೇಲೆ ಚೆಲ್ಲಿದ ವಿಷವೂ ಅದೇ ದಾರಿಯಲ್ಲಿ ಬಾವಿಗಿಳಿಯಬಲ್ಲುದು. ಭಾಲ್ಕಿ, ಔರಾದಗಳ ಕಪ್ಪುನೆಲದ ಸೀಮೆಯಲ್ಲಿ ಬಿದ್ದದ್ದು ಹಳ್ಳಗಳ ಮೂಲಕ ಮಾಂಜ್ರಾ ನದಿಗೆ ಸೇರುತ್ತದೆ.

ನಿರಪಾಯ ಮಾರ್ಗಗಳು

೧೯೯೮ರಲ್ಲಿ ಪಾಲ್ ಅನಾಸ್ಟಾಸ್, ಜಾನ್ ವಾರ್ನರ್ ಎಂಬ ವಿಜ್ಞಾನಿಗಳು ಹಸುರು ರಸಾಯನಶಾಸ್ತ್ರದ ೧೨ ಸೂತ್ರಗಳನ್ನು ಪ್ರಕಟಿಸಿದರು. ಕಸವನ್ನು ಮಾಡಿ ಆಮೇಲೆ ಶುದ್ಧಿಗೊಳಿಸುವುದಕ್ಕಿಂತ ಕಸವೇ ಆಗದಂತೆ ನೋಡಿಕೊಳ್ಳುವುದು ಮೇಲೆಂಬುದು ಅವುಗಳಲ್ಲಿ ಮೊದಲನೆಯದು. ಈ ದೃಷ್ಟಿಯಿಂದ ನಾಲ್ಕು ಮಾರ್ಗಗಳು ಗಮನಾರ್ಹವಾಗಿವೆ.

ಮೊದಲನೆಯದು ಮದ್ಯಸಾರ. ಕಬ್ಬಿನ ಕಾಕಂಬಿಯಿಂದ ಇದು ದೊರೆಯುತ್ತದೆ. ಬಟ್ಟಿಯಿಳಿಸಿ ಮರಳಿ ಬಳಸಬಹುದು. ಆದರೆ ಬೆಂಕಿಯ ಭಯ ಇದಕ್ಕೂ ಇದೆ.

ಎರಡನೆಯದು ಹಣ್ಣಿನ ಸ್ವಂತ ತೈಲ. ಕಿತ್ತಳೆಯ ಸಿಪ್ಪೆಯ ತೈಲದಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚು ಪಾಲು ಲಿಮೊನೀನ್ ಎಂಬ ದ್ರವವೇ. ಅದು ಕೆರೊಟಿನಾಯ್ಡ್‌ಗಳನ್ನು ಕರಗಿಸುತ್ತದೆ. ಆದರೆ ಅದು ಕುದಿಯುವುದು ಸುಮಾರು ೧೭೬ ಡಿಗ್ರಿಯಲ್ಲಿ. ಆ ಕಾವಿಗೆ ಬಣ್ಣ ಕೆಡುವುದರಿಂದ ಒತ್ತಡವನ್ನು ತಗ್ಗಿಸಿ ಬೇರ್ಪಡಿಸಬೇಕಾಗುತ್ತದೆ.

ಮೂರನೆಯದು ಇಂಗಾಲದ ಡೈಆಕ್ಸೈಡ್. ೩೧ ಡಿಗ್ರಿಗೂ ವಾಯುಮಂಡಲದ ೭೩ ಪಟ್ಟು ಒತ್ತಡಕ್ಕೂ ಮೀರಿದಾಗ ಈ ಅನಿಲವು ದ್ರವದಂತೆ ಕರಗಿಸುವ ಗುಣವನ್ನು ಪಡೆಯುತ್ತದೆ. ಒತ್ತಡ ಇಳಿಸಿದೊಡನೆ ತಾನೇ ಹಾರಿಹೋಗಿ ಬಣ್ಣವನ್ನು ಬಿಟ್ಟುಕೊಡುತ್ತದೆ. ಕ್ರಮವು ಶುದ್ಧವಾದದ್ದು, ಯಂತ್ರವು ಬಹಳ ದುಬಾರಿಯಾದದ್ದು.

ನಾಲ್ಕನೆಯದು ಖಾದ್ಯತೈಲ. ಬಣ್ಣವು ಎಣ್ಣೆಗಿಳಿದ ಮೇಲೆ ಅದನ್ನು ಬೇರ್ಪಡಿಸುವ ಅಗತ್ಯವೇ ಇಲ್ಲ. ಬಣ್ಣಗೂಡಿದ ಎಣ್ಣೆಯನ್ನೇ ಅಡುಗೆಯಲ್ಲಿ ಬಳಸಬಹುದು. ಕುಸುಬೆ ಬೆಳೆಯುವ ಸೀಮೆಗೆ ಇದು ಎಲ್ಲಕ್ಕಿಂತ ಸಮೀಪದ ಮಾರ್ಗ.

ಕಿವಿಗೆ ಕೇಳಿಸದ ಸೂಕ್ಷ್ಮ ಶಬ್ದತರಂಗಗಳಿಂದಲೂ, ಕೋಶಗಳ ಗೋಡೆಯನ್ನು ಸಡಿಲಿಸುವ ಕಿಣ್ವಗಳಿಂದಲೂ ಈ ಕೆಲಸವನ್ನು ಬೇಗನೆ ಮುಗಿಸಬಹುದೆಂದು ಸಂಶೋಧನೆಗಳು ತೋರಿಸಿವೆ.

ಕುಸುಬೆಯ ದೃಷ್ಟಾಂತ

ದ್ರಾವಕವನ್ನು ಅರಿತು ಆಯ್ದುಕೊಳ್ಳುವ ಜಾಣ್ಮೆ ಭಾರತದ ಬಣ್ಣಗಾರರಿಗೆ ಮೊದಲೇ ತಿಳಿದಿತ್ತು. ಕುಸುಬೆಯ ಹೂವಿನಲ್ಲಿ ಹಳದಿ, ಕೆಂಪು ಎರಡೂ ಇವೆ. ಹೂವನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಳದಿಯನ್ನು ಕಳೆಯುತ್ತಿದ್ದರು. ಬಳಿಕ ಬೂದಿಯ ಕ್ಷಾರಜಲದಲ್ಲಿ ನೆನೆಸಿದರೆ ಕೆಂಪು ಕರಗಿ ಬರುತ್ತಿತ್ತು. ಆ ನೀರಿಗೆ ನಿಂಬೆಯ ಹುಳಿಯನ್ನು ಹಿಂಡಿದಾಗ ಕೆಂಪು ಮರಳಿ ಬೇರ್ಪಟ್ಟು ಅರಿವೆಯ ಮೇಲೆ ಕೂಡುತ್ತಿತ್ತು. ನೀರು, ಬೂದಿ, ನಿಂಬೆ ಈ ಮೂರರಿಂದಲೇ ಕಾರ್ಯ ಸಿದ್ಧಿಸುತ್ತಿತ್ತು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಸಂತ್ರದ ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಒಳಗಿನ ಬಿಳಿಯ ಭಾಗವನ್ನು ಕೆರೆದು ತೆಗೆದು, ನೆರಳಿನಲ್ಲಿ ಒಣಗಿಸಿ ಪುಡಿಮಾಡಬೇಕು. ಒಂದು ಪಾಲು ಪುಡಿಗೆ ನಾಲ್ಕು ಪಾಲು ತಿಳಿಯಾದ ಕುಸುಬೆಯೆಣ್ಣೆಯನ್ನು ಬೆರೆಸಿ, ಆ ಪಾತ್ರೆಯನ್ನು ಬಿಸಿನೀರಿನೊಳಗೆ ಅರ್ಧ ಗಂಟೆ ಇರಿಸಬೇಕು. ನೇರವಾಗಿ ಉರಿಯ ಮೇಲಿಡಬಾರದು. ಅಷ್ಟೇ ಪುಡಿಯನ್ನು ಇನ್ನೊಂದು ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಬೇಕು. ಬರಿಯ ಎಣ್ಣೆಯನ್ನೂ ಹೋಲಿಕೆಗಾಗಿ ಇಟ್ಟುಕೊಳ್ಳಬೇಕು. ಎರಡನ್ನೂ ಬಟ್ಟೆಯಲ್ಲಿ ಸೋಸಿದರೆ ಯಾವ ಬಣ್ಣ ಎಲ್ಲಿಗಿಳಿಯಿತೆಂಬುದು ಕಣ್ಣಿಗೇ ಕಾಣುತ್ತದೆ. ಬಣ್ಣದ ಎಣ್ಣೆಯನ್ನು ಎರಡು ಶೀಸೆಗಳಿಗೆ ತುಂಬಿ ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ಕತ್ತಲೆಯಲ್ಲಿಯೂ ಕೆಲವು ದಿನಗಳವರೆಗೆ ಇಟ್ಟರೆ ಬೆಳಕಿನ ಪರಿಣಾಮವೂ ತಿಳಿಯುತ್ತದೆ.

ಉಳಿದ ಗಷ್ಟನ್ನು ಚರಂಡಿಗೆ ಎಸೆಯದೆ ಸಗಣಿ, ಒಣ ಎಲೆಗಳೊಡನೆ ಬೆರೆಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಸಿಪ್ಪೆಯ ತೈಲವು ಸೂಕ್ಷ್ಮಜೀವಿಗಳನ್ನು ತಡೆಯುವುದರಿಂದ ಒಮ್ಮೆಗೇ ಹೆಚ್ಚು ಹಾಕುವುದು ತರವಲ್ಲ.

ಈ ಬಣ್ಣಕ್ಕೆ ಮಿತಿಯೂ ಇದೆ. ಹತ್ತಿಯ ಬಟ್ಟೆಯ ಮೇಲೆ ಅದು ಚೆನ್ನಾಗಿ ನಿಲ್ಲದು. ಅದರ ಸ್ಥಾನವಿರುವುದು ಆಹಾರದಲ್ಲಿ. ದ್ರಾವಕ ಯಾವುದು, ಉರುವಲು ಎಷ್ಟು, ನೀರು ಎಷ್ಟು, ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಸಮಾಧಾನ ದೊರೆತ ಬಳಿಕವೇ ಒಂದು ಕ್ರಮವನ್ನು ನಿರಪಾಯವೆಂದು ಕರೆಯುವುದು ಯುಕ್ತ.