ಮುಖಕ್ಕೊಂದು ಹೆಸರು

ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ ಅದರ ತಳದಲ್ಲಿ ಹಳದಿಗಟ್ಟಿದ ಛಾಯಾಚಿತ್ರವೊಂದು ದೊರೆಯುತ್ತದೆ. ಅದರಲ್ಲಿರುವವರು ಯಾರು? ಅದನ್ನು ಎಲ್ಲಿ, ಎಂದು ತೆಗೆದರು? ಮನೆಯ ಹಿರಿಯರೊಬ್ಬರಿಗೆ ಇದೆಲ್ಲ ತಿಳಿದಿರುತ್ತದೆ. ಅವರು ಕಾಲವಾದ ಬಳಿಕ ಉತ್ತರ ಹೇಳುವವರೇ ಇರುವುದಿಲ್ಲ. ಚಿತ್ರವೇನೋ ಉಳಿಯುತ್ತದೆ; ಅದರಲ್ಲಿರುವ ಮನುಷ್ಯ ಮರೆವಿಗೆ ಸಲ್ಲುತ್ತಾನೆ.

ಜಗತ್ಪ್ರಸಿದ್ಧವಾದ ಚಿತ್ರವೊಂದಕ್ಕೂ ಇಂಥ ಗತಿಯೇ ಒದಗಿತ್ತು. 1936ರ ಮಾರ್ಚ್ ತಿಂಗಳು. ಅಮೆರಿಕ ದೇಶವು ಭಾರಿ ಆರ್ಥಿಕ ಮುಗ್ಗಟ್ಟಿನಲ್ಲಿ ತೊಳಲುತ್ತಿತ್ತು. ಸರ್ಕಾರದ ಇಲಾಖೆಯೊಂದರ ಪರವಾಗಿ ಬಡ ರೈತರ, ಕೂಲಿಕಾರರ ಬಾಳನ್ನು ಚಿತ್ರಿಸುತ್ತಿದ್ದ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಬಿಡಿಸುವವರ ಬಿಡಾರವನ್ನು ಹೊಕ್ಕರು. ಚಳಿಗೆ ಬೆಳೆ ಹಾಳಾಗಿ ಕೂಲಿಯೇ ಇಲ್ಲದಂತಾಗಿತ್ತು. ಅಲ್ಲಿ ಮಕ್ಕಳೊಡನೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರವನ್ನು ಅವರು ತೆಗೆದರು. ಆಕೆಯ ವಯಸ್ಸು 32, ಏಳು ಮಕ್ಕಳ ತಾಯಿ, ಸ್ಥಳ ನಿಪೋಮೊ ಎಂದು ದಾಖಲಿಸಿದರು. ಹೆಸರನ್ನು ಮಾತ್ರ ಕೇಳಲಿಲ್ಲ.

‘ವಲಸೆ ಬಂದ ತಾಯಿ’ ಎಂಬ ಅರ್ಥದ ಹೆಸರಿನಿಂದ ಆ ಚಿತ್ರವು ಲೋಕವನ್ನೆಲ್ಲ ಸುತ್ತಿತು. ಆ ಮುಖವನ್ನು ಕಂಡು ಅಸಂಖ್ಯ ಜನರು ಮರುಗಿದರು. ಆದರೆ ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ತರುವಾಯ! ಅನ್ನಕ್ಕಾಗಿ ಆಕೆ ಕಾರಿನ ಟೈರುಗಳನ್ನು ಮಾರಿದ್ದಳೆಂದು ಲ್ಯಾಂಗ್ ಬರೆದಿದ್ದರು. ಅದು ನಿಜವಲ್ಲವೆಂದು ಆಕೆಯ ಮಕ್ಕಳು ಹೇಳಿದರು. ಚಿತ್ರವು ಮುಖವನ್ನು ಕಾಪಾಡಿತ್ತು. ಅದರೊಡನಿದ್ದ ಬರಹವು ಆಕೆಯ ಬಾಳನ್ನು ಕಾಪಾಡಿರಲಿಲ್ಲ.

ಆ ಚಿತ್ರವಿರುವ ಸಂಗ್ರಹವು ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಗ್ರಂಥಾಲಯದಲ್ಲಿದೆ. ಅದರಲ್ಲಿ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳಿವೆ. ಬರಹದ ನೆರವಿಲ್ಲದೆ ಅಷ್ಟರಲ್ಲಿ ಒಂದನ್ನು ಹುಡುಕುವ ಬಗೆ ಹೇಗೆ? ಚಿತ್ರವನ್ನು ಕುರಿತ ಇಂಥ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು.

ಹಿಂದೆ ಜನರು ಚಿತ್ರದ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ವಿವರ ಬರೆಯುತ್ತಿದ್ದರು. ಡಿಜಿಟಲ್ ಚಿತ್ರಕ್ಕೆ ಬೆನ್ನಿಲ್ಲವಾದರೂ ಅದರ ಕಡತದ ಒಳಗೇ ಬರಹವನ್ನು ಸೇರಿಸಬಹುದು. ಈ ವಿವರಗಳಲ್ಲಿ ಎರಡು ಬಗೆ. ಮೊದಲನೆಯದನ್ನು ಕ್ಯಾಮೆರಾ ತಾನೇ ಬರೆಯುತ್ತದೆ. ಎಕ್ಸಿಫ್ ಎಂಬ ಈ ಭಾಗದಲ್ಲಿ ದಿನಾಂಕ, ವೇಳೆ, ಬೆಳಕಿನ ಪ್ರಮಾಣ, ಕೆಲವೊಮ್ಮೆ ಸ್ಥಳದ ಅಕ್ಷಾಂಶ-ರೇಖಾಂಶಗಳೂ ಇರುತ್ತವೆ. ಎರಡನೆಯದನ್ನು ಮನುಷ್ಯನೇ ಬರೆಯಬೇಕು. ಚಿತ್ರದಲ್ಲಿರುವವರು, ಸಂದರ್ಭ, ಊರು, ತೆಗೆದವರು, ಹಕ್ಕುದಾರರು ಎಂಬಿವಕ್ಕೆ ಐಪಿಟಿಸಿ ಎಂಬ ಪದ್ಧತಿಯಲ್ಲಿ ಒಂದೊಂದು ಅಂಕಣವುಂಟು. ಇವನ್ನು ಕನ್ನಡದಲ್ಲಿಯೂ ತುಂಬಬಹುದು.

ಯಂತ್ರವನ್ನೇ ನಂಬಿ ಕುಳಿತರೆ ಸಾಲದು. ಅಜ್ಜನ ಮದುವೆಯ ಚಿತ್ರವನ್ನು ಇಂದು ಸ್ಕ್ಯಾನ್ ಮಾಡಿದರೆ ಯಂತ್ರವು ಇಂದಿನ ದಿನಾಂಕವನ್ನೇ ನಮೂದಿಸುತ್ತದೆ. ಮದುವೆಯ ವರ್ಷ ಅದಕ್ಕೇನು ಗೊತ್ತು? ಬರೆಯುವಾಗ ಕೆಲವು ನಿಯಮಗಳನ್ನು ಪಾಲಿಸಬೇಕು. ಸಾಲಿನಲ್ಲಿ ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಬೇಕು. ವರ್ಷವು ಖಚಿತವಿಲ್ಲದಿದ್ದರೆ ‘1960ರ ಸುಮಾರು’ ಎಂದೇ ತಿಳಿಸಬೇಕು. ವಿವರವನ್ನು ಹೇಳಿದವರು ಯಾರೆಂಬುದನ್ನೂ ನಮೂದಿಸಬೇಕು. ಟೈರಿನ ಕಥೆಯಂತಹ ತಪ್ಪು ನುಸುಳಿದರೆ ತಿದ್ದಲು ಅದು ನೆರವಾಗುತ್ತದೆ. ಜಾಲದಲ್ಲಿ ಚಿತ್ರವನ್ನು ಕಳುಹಿಸುವಾಗ ಒಳಗಿನ ವಿವರಗಳು ಅಳಿಸಿಹೋಗುವುದುಂಟು. ಆದ್ದರಿಂದ ಬೇರೆಯಾದ ಒಂದು ಪಟ್ಟಿಯನ್ನೂ ಇಟ್ಟುಕೊಳ್ಳುವುದು ಲೇಸು. ಹಾಗೆಯೇ ಮನೆಯ ನೆಲೆಯನ್ನು ಸೂಚಿಸುವ ವಿವರವನ್ನು ಅಪರಿಚಿತರಿಗೆ ಕೊಡಬಾರದು.

ಯಂತ್ರವನ್ನು ನಾಳೆ ಕೊಳ್ಳಬಹುದು. ಸ್ಕ್ಯಾನ್ ಮಾಡುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಆದರೆ ಹೆಸರು ಬಲ್ಲ ಹಿರಿಯರು ನಮಗಾಗಿ ಕಾಯುತ್ತಿರುವುದಿಲ್ಲ. ಹಳೆಯ ಚಿತ್ರವೊಂದನ್ನು ಹಿಡಿದು ಇಂದೇ ಅಜ್ಜಿಯ ಬಳಿ ಕುಳಿತು, “ಇವರು ಯಾರಜ್ಜಿ?” ಎಂದು ಕೇಳಿರಿ. ಕೇಳಿದುದನ್ನು ಮರೆಯದೆ ಬರೆದಿಡಿರಿ.